ಬ್ಯಾಂಡಲ್ಲಿ ರಾಕು, ರೂಮಲ್ಲಿ ಕಂಟ್ರಿ: ಫ್ರೆಂಡ್ಸಿಗೆ ಹೇಗೆ ಹೇಳ್ಲಿ?

ಪ್ರಶ್ನೆ: ಅಕ್ಕಾ, ನಾನು ಬೆಂಗಳೂರಿನ ಒಂದು ರಾಕ್ ಬ್ಯಾಂಡಲ್ಲಿ ಲೀಡ್ ಗಿಟಾರಿಸ್ಟ್, ಕಾಲೇಜಿಂದ ಇದೇ ನಾಲ್ಕು ಜನ. ಎರಡು ವರ್ಷದಿಂದ ಬೇರೆ ಹೆಸರಲ್ಲಿ ಇಂಗ್ಲಿಷ್ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿ) ಹಾಡು ಬರೆದು ರೂಮಲ್ಲೇ ರೆಕಾರ್ಡ್ ಮಾಡಿ ಹಾಕ್ತಿದೀನಿ. ಅವರಿಗೆ ಗೊತ್ತಾದ್ರೆ 'ದನ ಕಾಯೋರ ಮ್ಯೂಸಿಕ್' ಅಂತ ಆಡ್ಕೋತಾರೆ. ಅಮ್ಮನಿಗೆ ಹುಷಾರಿಲ್ಲ ಅಂತ ಬ್ಯಾಂಡಿನ ಜಾಮ್ (ಒಟ್ಟಿಗೆ ಕೂತು ನುಡಿಸೋ ಪ್ರಾಕ್ಟೀಸ್) ತಪ್ಪಿಸಿ ರೆಕಾರ್ಡಿಂಗ್ ಮಾಡಿದೀನಿ, ಮೊನ್ನೆ ಡ್ರಮ್ಮರ್ ಎಳನೀರು ಹಿಡ್ಕೊಂಡು ಮನೆಗೇ ಬಂದುಬಿಟ್ಟ. ಈಗ ಒಂದು ಪಬ್‌ನೋರು ಸೋಲೋ ಶೋ ಕೊಟ್ಟಿದಾರೆ, ಅದೇ ಶನಿವಾರ ಬ್ಯಾಂಡಿನ ಶೋನೂ ಇದೆ. ಯಾವುದನ್ನ ಬಿಡ್ಲಿ?

ಉತ್ತರ: ಎರಡೂ ಬಿಡಬೇಡಪ್ಪ. (ಅಕ್ಕಾ ಅಂದಿದೀಯ, ಏಕವಚನದಲ್ಲೇ ಬರೀತೀನಿ.) ನೀನು ಕೇಳಿರೋದು ಮ್ಯೂಸಿಕ್ ವಿಷಯ, ನನ್ನ ಕಣ್ಣು ಮಾತ್ರ ಆ ಎಳನೀರಲ್ಲೇ ನಿಂತುಬಿಡ್ತು. ಬಾಗಿಲು ತೆಗೆದಿದ್ದು ಯಾರು, ಅಮ್ಮಾನೇನಾ? ಅದನ್ನ ಬರೆದೇ ಇಲ್ಲ ನೀನು.

ಮೊದಲು ಮ್ಯೂಸಿಕ್ ವಿಷಯ. ಬ್ರಿಟನ್ನಿನ ರಾಕ್ ಬ್ಯಾಂಡ್ ಡೈರ್ ಸ್ಟ್ರೇಟ್ಸ್ ಕೇಳದೇ ಇರೋ ಗಿಟಾರಿಸ್ಟ್ ಇಲ್ಲ ಅನ್ಕೋತೀನಿ. ಅವರ ಗಿಟಾರಿಸ್ಟ್ ಮಾರ್ಕ್ ನಾಫ್ಲರ್ 1990ರಲ್ಲಿ ಕಂಟ್ರಿಯ ತವರು ನ್ಯಾಶ್‌ವಿಲ್‌ನ ಗಿಟಾರಿಸ್ಟ್ ಚೆಟ್ ಆಟ್ಕಿನ್ಸ್ ಜೊತೆ ಒಂದು ಆಲ್ಬಂ ಮಾಡ್ದ, ಅದಕ್ಕೆ ಕಂಟ್ರಿ ವಿಭಾಗದಲ್ಲಿ ಎರಡು ಗ್ರ್ಯಾಮಿ ಬಂತು. ಅದೇ ವರ್ಷ ಹಳೇ ಗೆಳೆಯರ ಜೊತೆ ನಾಟಿಂಗ್ ಹಿಲ್‌ಬಿಲೀಸ್ ಅಂತ ಇನ್ನೊಂದು ಕಂಟ್ರಿ ವಾಸನೆಯ ಆಲ್ಬಂ, ಅದಕ್ಕೆ ತನ್ನ ಬ್ಯಾಂಡಿನ ಕೀಬೋರ್ಡ್ ಪ್ಲೇಯರ್ ಗೈ ಫ್ಲೆಚರ್‌ನೇ ಕರ್ಕೊಂಡು ಹೋದ, ಪೆಡಲ್ ಸ್ಟೀಲ್ (ಅಡ್ಡ ಇಟ್ಟು ನುಡಿಸೋ ಕಂಟ್ರಿ ಗಿಟಾರು) ನುಡಿಸಿದ್ದು ನ್ಯಾಶ್‌ವಿಲ್‌ನ ಪಾಲ್ ಫ್ರಾಂಕ್ಲಿನ್. ಮುಂದಿನ ವರ್ಷ, 1991ರಲ್ಲಿ, ಡೈರ್ ಸ್ಟ್ರೇಟ್ಸ್ ಆಲ್ಬಂ ಬಂದಾಗ ಅದರಲ್ಲೂ ಅದೇ ಫ್ರಾಂಕ್ಲಿನ್, ಅದೇ ಅಳುಬುರುಕ ಪೆಡಲ್ ಸ್ಟೀಲ್, ಟೂರಿಗೂ ಬಂದ! ಸೈಡಲ್ಲಿ ಮಾಡಿದ್ದು ಬ್ಯಾಂಡಿನ ಸೌಂಡಿಗೇ ಸೇರ್ಕೊಂತು. ನಿನ್ನ ಬೆರಳಿಗೆ ಹತ್ತಿರೋ ಆ ಟ್ವ್ಯಾಂಗು, ಅಂದ್ರೆ ಕಂಟ್ರಿ ಗಿಟಾರಿನ ಆ ಟಣ್ ಅನ್ನೋ ನಾದ, ಈಗಾಗ್ಲೇ ನಿಮ್ಮ ಬ್ಯಾಂಡಿನ ಗಿಟಾರ್ ಸೋಲೋಗಳಲ್ಲಿ ಇಣುಕ್ತಿರುತ್ತೆ, ಅವರು ಕೇಳಿಸ್ಕೊಂಡೂ ಇರ್ತಾರೆ, ಎಲ್ಲಿಂದ ಬಂತು ಅಂತ ಗೊತ್ತಿಲ್ಲ ಅಷ್ಟೇ.

'ಬೆಂಗಳೂರು ಹುಡುಗನಿಗೆ ಯಾಕೆ ಕಂಟ್ರಿ' ಅಂತ ಯಾರಾದ್ರೂ ಅಂದ್ರೆ, ನಾಫ್ಲರ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ, ಬೆಳೆದಿದ್ದು ನ್ಯೂಕ್ಯಾಸಲ್ ಕಡೆ, ಟೆಕ್ಸಾಸಲ್ಲಲ್ಲ. ಹೂಟಿ ಅಂಡ್ ದ ಬ್ಲೋಫಿಶ್ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಡೇರಿಯಸ್ ರಕರ್‌ಗೆ ಅಮೆರಿಕದಲ್ಲೇ 'ಕಪ್ಪು ಹಾಡುಗಾರನ್ನ ನಮ್ಮ ಕೇಳುಗರು ಒಪ್ಪಲ್ಲ' ಅಂತ ರೇಡಿಯೋದವರು ಮುಖಕ್ಕೇ ಹೇಳಿದ್ರಂತೆ, 2008ರಲ್ಲಿ ಅವನ ಮೊದಲ ಕಂಟ್ರಿ ಸಿಂಗಲ್ಲೇ ನಂಬರ್ ಒನ್ ಆಯ್ತು. ಅವನ ರಾಕ್ ಬ್ಯಾಂಡ್ ಟೂರ್ ನಿಲ್ಲಿಸಿದ್ರೂ ಮುರೀಲಿಲ್ಲ, ಚಾರಿಟಿ ಶೋಗಳಿಗೆ ಸೇರ್ತಾನೇ ಇದ್ರು, 2019ರಲ್ಲಿ ಮತ್ತೆ ದೊಡ್ಡ ಟೂರ್ ಹೊರಟ್ರು. ಅವರ್ಯಾರೂ ಕದ್ದು ಮಾಡ್ಲಿಲ್ಲ ನೋಡು.

ನೀನು ಕದ್ದು ಮಾಡ್ತಿದೀಯ, ಅದೂ ಅಮ್ಮನ ಹೆಸರಲ್ಲಿ. ಆಡ್ಕೋತಾರೆ ಅನ್ನೋ ಭಯ ನನಗೆ ಅರ್ಥ ಆಗುತ್ತೆ, ಆಡ್ಕೋತಾರೆ ಕೂಡ, ಒಂದು ವಾರ ಹ್ಯಾಟು ಬೂಟಿನ ಸ್ಟಿಕರ್ ಕಳಿಸಿ ಸುಮ್ನಾಗ್ತಾರೆ. ಆದ್ರೆ ಬೇರೆ ಯಾರಿಂದಲೋ ಗೊತ್ತಾದ್ರೆ ಅವರಿಗೆ ನೋಯೋದು ಹಾಡಿಂದಲ್ಲ, ನೀನು ಹೇಳಿದ ಸುಳ್ಳಿಂದ.

ಮೊದಲು ಡ್ರಮ್ಮರ್‌ಗೆ ಹೇಳು, ಒಬ್ಬನಿಗೇ, ವಾಟ್ಸಾಪಲ್ಲಿ ಬೇಡ, ಎಣ್ಣೆ ಪಾರ್ಟಿಲಂತೂ ಬೇಡವೇ ಬೇಡ. ಅಮ್ಮ ಚೆನ್ನಾಗೇ ಇದ್ರು ಕಣೋ ಅನ್ನೋದ್ರಿಂದ ಶುರು ಮಾಡು. ಬೈದ್ರೆ ಬೈಸ್ಕೋ. ಆಮೇಲೆ ಉಳಿದವರನ್ನ ಕೂರಿಸ್ಕೊಂಡು ಒಂದು ಹಾಡು ಕೇಳಿಸು, ಒಂದೇ, ಪೂರ್ತಿ ಪ್ಲೇಲಿಸ್ಟ್ ಹಾಕಿ ಕೊಲ್ಲಬೇಡ. ಬ್ಯಾಂಡಿನ ಡೇಟಿಗೆ ಮೊದಲ ಹಕ್ಕು, ಜಾಮಲ್ಲಿ ಹುಟ್ಟಿದ ರಿಫ್ (ಗಿಟಾರಿನ ಪುಟ್ಟ ಟ್ಯೂನು) ನಿಮ್ಮನ್ನ ಕೇಳದೇ ನನ್ನ ಸೋಲೋ ಹಾಡಿಗೆ ಎತ್ಕೊಳಲ್ಲ ಅಂತ ನೀನೇ ಹೇಳಿಬಿಡು, ಅವರು ಕೇಳೋವರೆಗೂ ಕಾಯಬೇಡ. ಯಾರಾದ್ರೂ 'ಅದು ಇಲ್ಲ ಇದು' ಅಂತ ಪಟ್ಟು ಹಿಡಿದ್ರೆ ಅವತ್ತೇ ಉತ್ತರ ಕೊಡಬೇಡ, ಕೋಪ ಇಳೀಲಿ.

ಶನಿವಾರ ಬ್ಯಾಂಡಿನ ಶೋ ನುಡಿಸು. ಪಬ್‌ನೋರಿಗೆ ಇವತ್ತೇ ಫೋನ್ ಮಾಡಿ, ಡೇಟ್ ಕ್ಲ್ಯಾಶ್ ಆಗಿದೆ, ಬೇರೆ ದಿನ ಕೊಡ್ತೀರಾ ಅಂತ ಕೇಳು. ವಾರದ ಮಧ್ಯದ ದಿನ ಕೊಟ್ರೂ ಒಪ್ಕೋ, ಕೊಡ್ಲಿಲ್ಲ ಅಂದ್ರೆ ಇನ್ನೊಂದು ಪಬ್ ಹುಡುಕೋಣ, ಇದು ಬೆಂಗಳೂರಪ್ಪ.