ತಮಿಳರು ನಿಂತರು, ಅಸ್ಸಾಮಿನವರು ಯಾಕಿಲ್ಲ?

ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಕೆಲಸಕ್ಕೆ ಬಂದ ತಮಿಳರು ಇಲ್ಲೇ ನೆಲೆ ನಿಂತರು, ಅಸ್ಸಾಮಿನವರು ಯಾಕೆ ನಿಲ್ಲುತ್ತಿಲ್ಲ ಅಂತ ಕೇಳಿದ್ದೀರಿ. ನನಗೆ ಕಂಡ ಹಾಗೆ, ಬಂದ ರೀತಿಯೇ ಬೇರೆ.

ತಮಿಳರು ಆಳುಗಳನ್ನು ಕರೆತರುವ ಮೇಸ್ತ್ರಿಯ ಹಿಂದೆ ಸಂಸಾರ ಸಮೇತ ಬಂದರು. ದೊಡ್ಡ ತೋಟಗಳಲ್ಲಿ ಲೈನ್ ಮನೆ, ಅಂದರೆ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆ, ಸಿಕ್ಕಿತು. 1951ರ ಪ್ಲಾಂಟೇಶನ್ ಕಾಯ್ದೆಯಿಂದ ಮನೆ, ಔಷಧಿ ಕೊಡುವುದು ಮಾಲೀಕರ ಹೊಣೆಯಾಯಿತು. ಕಾಯಂ ಆದವರಿಗೆ ಪಿಎಫ್, ಗ್ರಾಚ್ಯುಟಿ. ಮಕ್ಕಳು ಕನ್ನಡ ಶಾಲೆಗೆ ಹೋದರು. ನಮ್ಮ ಪಕ್ಕದ ಲೈನಿನ ಅಜ್ಜಿ ಮಗನನ್ನು ತಮಿಳಲ್ಲಿ ಬೈದು, ಮೊಮ್ಮಗಳನ್ನು ಕನ್ನಡದಲ್ಲಿ ಮುದ್ದು ಮಾಡ್ತಾರೆ! ಹಾಗಂತ ಎಲ್ಲ ಸುಖ ಅಂತಲ್ಲ. ಮನೆ ತೋಟದ್ದು, ಕೆಲಸ ಬಿಟ್ಟರೆ ಅದೂ ಹೋಯಿತು. ಮೂರು ತಲೆಮಾರಾದರೂ ಸ್ವಂತ ಸೈಟಿಲ್ಲದವರು ಇದ್ದಾರೆ.

ಅಸ್ಸಾಮಿನವರು ಹೆಚ್ಚಾಗಿ ಕೊಯ್ಲಿಗೆ ಬರುವವರು. ಮೊದಲು ಅರೇಬಿಕಾ ಕಾಫಿ, ಅದು ಮುಗಿಸಿ ರೋಬಸ್ಟಾ ಕಾಫಿ, ಆಮೇಲೆ ಊರಿಗೆ ರೈಲು. ಕೂಲಿ ಕೆ.ಜಿ. ಲೆಕ್ಕ. ಸಂಜೆ ತೂಕದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದ ಮೇಲೇ ಕಣ್ಣಿಟ್ಟಿರುತ್ತಾರೆ. ಸೀಸನ್ನಿನಲ್ಲಿ ಕೈಗೆ ದುಡ್ಡು ಜಾಸ್ತಿ, ಪಿಎಫ್ ಮಾತ್ರ ಕೇಳಬೇಡಿ. ಉಳಿದದ್ದು ರಾತ್ರಿಯೇ ಫೋನಲ್ಲಿ ಊರಿಗೆ. 2022ರಲ್ಲಿ ಅಸ್ಸಾಂ 'ಒಂದು ದೇಶ ಒಂದು ರೇಷನ್ ಕಾರ್ಡ್' ಸೇರಿತು, ಅಲ್ಲಿನ ಕಾರ್ಡಿಗೆ ಇಲ್ಲೂ ಅಕ್ಕಿ ಸಿಗಬೇಕು. ಸೊಸೈಟಿಗೆ ಹೋಗಿ ಕೇಳೋಕೆ ಕನ್ನಡ ಬರಬೇಕಲ್ವಾ?