ಮೂರು ದಿನಕ್ಕೆ ಒಂದೇ ಪಾರ್ಕ್ ಸಾಕು

ಕೊಡಗಿನ ಗೋಣಿಕೊಪ್ಪಲಿನ ಓದುಗರೊಬ್ಬರ ಪತ್ರ: ದಸರಾ ರಜೆಯಲ್ಲಿ ಮೂರು ದಿನ ಬಿಡುವಿದೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರೂವರೆ, ಜೊತೆಗೆ ಮಂಡಿನೋವಿನ ಅಜ್ಜಿ. ಮೊದಲ ದಿನ ಬೆಳಗಿನ ಜಾವ ನಾಲ್ಕಕ್ಕೆ ಕಾರು ಹತ್ತಿ ನೇರ ಬಿಡದಿಯ ವಂಡರ್‌ಲಾ, ಎರಡನೇ ದಿನ ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್, ಮೂರನೇ ದಿನ ಮೃಗಾಲಯ, ಸಂಜೆ ಅರಮನೆಯ ದೀಪ ನೋಡಿ ರಾತ್ರಿಯೇ ವಾಪಸ್. ಇದು ಆಗುವ ಮಾತೇ? ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆಯಬೇಕೇ? ಮುಂದಿನ ವರ್ಷ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಎಂದುಕೊಂಡಿದ್ದೇವೆ, ಮಕ್ಕಳ ವಯಸ್ಸಿಗೆ ಸರಿಯೇ?

ಸಂಪಾದಕರ ಉತ್ತರ:

ಕಾಗದದ ಮೇಲೆ ಆಗುತ್ತದೆ. ಮಕ್ಕಳ ಮೈಗೆ ಆಗುವುದಿಲ್ಲ. ಮೂರೂವರೆ ವರ್ಷದ ಹುಡುಗನನ್ನು ಮೂರೂವರೆ ಗಂಟೆಗೆ ಎಬ್ಬಿಸಿದರೆ ಅವನು ಕಾರಿನಲ್ಲಿ ಅರ್ಧಂಬರ್ಧ ನಿದ್ದೆ ಮಾಡಿ, ಪಾರ್ಕಿನ ಗೇಟು ತೆರೆಯುವ ಹೊತ್ತಿಗೆ ಅಳಲು ಶುರುಮಾಡುತ್ತಾನೆ. ನೀವು ದುಡ್ಡು ಕೊಟ್ಟಿರುವುದು ಯಾವ ಗಂಟೆಗಳಿಗೋ ಆ ಗಂಟೆಗಳಲ್ಲಿ ಅವನು ಅಪ್ಪನ ಹೆಗಲ ಮೇಲೆ ಮಲಗಿರುತ್ತಾನೆ. ಅದಕ್ಕಿಂತ ದೊಡ್ಡ ಆಕ್ಷೇಪ ರಸ್ತೆಯದು. ತಿತಿಮತಿಯಿಂದ ಆನೆಚೌಕೂರಿನವರೆಗೆ ಕಾಡಿನ ದಾರಿ, ಕತ್ತಲಲ್ಲಿ ಆನೆ ರಸ್ತೆಗೆ ಬರುವ ಜಾಗ ಎಂದು ನಿಮಗೆ ನಾವು ಹೇಳಬೇಕಿಲ್ಲ. ಹೋಗುವಾಗ ನಸುಕು, ಬರುವಾಗ ನಡುರಾತ್ರಿ, ಅದೂ ದಣಿದ ಚಾಲಕ. ಈ ಎರಡನ್ನೂ ಮೊದಲು ಕೈಬಿಡಿ.

ನಮ್ಮ ಸಲಹೆ ಇಷ್ಟು: ಅದೇ ಮೂರು ದಿನ, ಒಂದೇ ಪಾರ್ಕ್, ಎರಡು ರಾತ್ರಿ ಬಿಡದಿಯ ಆಸುಪಾಸಿನಲ್ಲಿ. ಪಾರ್ಕಿನ ದಿನ ಕಾರು ಅರ್ಧ ಗಂಟೆಗಿಂತ ಹೆಚ್ಚು ಓಡಬಾರದು. ಬೆಳಿಗ್ಗೆಯೂ ಇಲ್ಲ, ರಾತ್ರಿಯೂ ಇಲ್ಲ. ಮಿಕ್ಕ ತೀರ್ಮಾನಗಳೆಲ್ಲ ಇದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತವೆ.

ಜಿಆರ್‌ಎಸ್ ಬಿಡಬೇಕೆನ್ನುವುದು ಅದು ಚೆನ್ನಾಗಿಲ್ಲವೆಂದಲ್ಲ. ಅದು ಚಿಕ್ಕದು, ಮೈಸೂರಿನೊಳಗೇ ಇದೆ, ಅರ್ಧ ದಿನಕ್ಕೆ ಹೇಳಿ ಮಾಡಿಸಿದ ಜಾಗ. ಮಗ ಒಬ್ಬನೇ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆವು. ಆದರೆ ಎರಡೂ ಕಡೆ ನೀರಿನ ಆಟವೇ ಮುಖ್ಯ. ಹಿಂದಿನ ದಿನ ಕ್ಲೋರಿನ್ ನೀರಿನಲ್ಲಿ ನೆನೆದು ಕಣ್ಣು ಕೆಂಪಾದ ಮಕ್ಕಳನ್ನು ಮರುದಿನ ಮತ್ತೆ ಕೊಳಕ್ಕೆ ಇಳಿಸಿದರೆ ಮೂರನೇ ದಿನ ನೆಗಡಿ, ಕಿವಿನೋವು. ಮಗಳಿಗೆ ಏಳಾಗಿರುವುದರಿಂದ ಬಿಡದಿ ಇರಲಿ.

ಮೊದಲು ಒಂದು ಕೆಲಸ ಮಾಡಿ: ಇಬ್ಬರ ಎತ್ತರ ಅಳೆಯಿರಿ. ಬರಿಗಾಲಲ್ಲಿ ಗೋಡೆಗೆ ಬೆನ್ನುಕೊಟ್ಟು ನಿಲ್ಲಿಸಿ, ಹಿಮ್ಮಡಿ ಗೋಡೆಗೆ ತಾಗಿರಲಿ, ನೆತ್ತಿಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಲಂಬವಾಗಿಟ್ಟು ಅದರ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಬೆಳಿಗ್ಗೆ ಎದ್ದ ಕೂಡಲೇ ಅಳೆದದ್ದಕ್ಕೂ ಸಂಜೆ ಅಳೆದದ್ದಕ್ಕೂ ಸುಮಾರು 1 ಸೆಂ.ಮೀ. ವ್ಯತ್ಯಾಸ ಬರುತ್ತದೆ, ಸಂಜೆಯದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ವಂಡರ್‌ಲಾದಲ್ಲಿ ಟಿಕೆಟ್ ನಿಗದಿಯಾಗುವುದು ಮಕ್ಕಳ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ. ಒಳಗಿದ್ದರೆ ಟಿಕೆಟ್ ಬೇಡ, 85ರಿಂದ 140ರವರೆಗೆ ಮಕ್ಕಳ ದರ, ಅದರ ಮೇಲೆ ದೊಡ್ಡವರ ದರ. ಮೂರೂವರೆಯ ಹುಡುಗ ಸಾಮಾನ್ಯವಾಗಿ 95ರಿಂದ 100 ಸೆಂ.ಮೀ. ಇರುತ್ತಾನೆ, ಏಳರ ಹುಡುಗಿ 115ರಿಂದ 122. ಅಂದರೆ ಇಬ್ಬರಿಗೂ ಮಕ್ಕಳ ಟಿಕೆಟ್, ಮತ್ತು ಇಬ್ಬರಿಗೂ ಎದೆ ಝಲ್ಲೆನಿಸುವ ದೊಡ್ಡ ರೈಡ್‌ಗಳು ಇಲ್ಲ; ಅವಕ್ಕೆ 140 ಬೇಕು.

ಗೇಟಿನವನ ಹತ್ತಿರ ವಾದ ಮಾಡಬೇಡಿ, ದಪ್ಪ ಅಟ್ಟೆಯ ಶೂ ಹಾಕಿಸಿ ಮೋಸ ಮಾಡಲೂ ಬೇಡಿ. ಸೀಟಿನ ಲಾಕ್ ಬಾರ್ ತೊಡೆಗೋ ಭುಜಕ್ಕೋ ಕೂರುವುದು ಇಂತಿಷ್ಟು ಮೈಕಟ್ಟಿಗೆಂದೇ. ಮಗು ಚಿಕ್ಕದಾದರೆ ಬಾರ್ ಬಿಗಿಯಾದಂತೆ ಕಂಡರೂ ಕೆಳಗೆ ಸಂದು ಉಳಿಯುತ್ತದೆ, ರೈಡ್ ತಲೆಕೆಳಗಾದಾಗ ಜಾರುವುದು ಆ ಸಂದಿನಿಂದ. ಮಗಳಿಗೆ ಈಗಲೇ ಹೇಳಿಡಿ, ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು. ನಲವತ್ತು ನಿಮಿಷ ಸಾಲಿನಲ್ಲಿ ನಿಂತ ಮೇಲೆ ಎತ್ತರದ ಕಂಬದ ಎದುರು ವಾಪಸ್ ಕಳಿಸಿದರೆ ಆ ದಿನವಿಡೀ ಮುಖ ಊದಿರುತ್ತದೆ.

ಫಾಸ್ಟ್‌ಟ್ರ್ಯಾಕ್ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬೇಡ. ಉದ್ದ ಸಾಲಿರುವುದು ದೊಡ್ಡ ರೈಡ್‌ಗಳಿಗೆ, ಅವು ನಿಮ್ಮ ಮಕ್ಕಳಿಗೆ ಇಲ್ಲ. ಆ ಹಣವನ್ನು ಎರಡನೇ ರಾತ್ರಿಯ ಕೋಣೆಗೆ ಹಾಕಿ. ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಡಿ. ಅಜ್ಜಿಗೆ 60 ದಾಟಿದ್ದರೆ ಹಿರಿಯರ ದರ ಕೇಳಿ, ವಯಸ್ಸಿನ ಗುರುತಿನ ಚೀಟಿ ಜೊತೆಗಿರಲಿ.

ದಿನ ಯಾವುದು? ಕಾಫಿ ಕೊಯ್ಲು ಶುರುವಾದರೆ ಫೆಬ್ರುವರಿಯವರೆಗೆ ತೋಟ ಬಿಟ್ಟು ಅಲ್ಲಾಡಲಾಗದು, ಆದ್ದರಿಂದ ದಸರಾ ರಜೆ ಆರಿಸಿದ್ದು ಸರಿ. ಆದರೆ ವಿಜಯದಶಮಿಗೆ ಮುಂಚೆ ಬೇಡ. ಆ ವಾರ ಮೈಸೂರಿನಲ್ಲಿ ಕೋಣೆ ಬಾಡಿಗೆ ಆಕಾಶದಲ್ಲಿರುತ್ತದೆ, ಅರಮನೆಯ ಸುತ್ತ ಕಾರು ನಿಲ್ಲಿಸಲು ಜಾಗ ಸಿಗದು, ಮೂರೂವರೆಯ ಮಗುವಿಗೆ ಆ ಜನಜಂಗುಳಿಯಲ್ಲಿ ಕಾಣುವುದು ಜನರ ಮಂಡಿ ಮಾತ್ರ. ಗೋಣಿಕೊಪ್ಪಲಿನ ದಸರಾ ಮಂಟಪಗಳನ್ನು ಬಿಟ್ಟು ಮೈಸೂರಿಗೆ ಹೋಗುವವರನ್ನು ಕಂಡರೆ ನಮಗೆ ಸ್ವಲ್ಪ ಸಿಟ್ಟೂ ಇದೆ, ಇರಲಿ. ಹಬ್ಬ ಊರಲ್ಲೇ ಮಾಡಿ, ಶಾಲೆ ತೆರೆಯುವ ಮುನ್ನ ಉಳಿದ ರಜೆಯ ಮಂಗಳ, ಬುಧ, ಗುರುವಾರ ಹಿಡಿಯಿರಿ.

ಮೊದಲ ದಿನ ತಿಂಡಿ ತಿಂದು ಎಂಟಕ್ಕೆ ಹೊರಡಿ. ಎರಡು ಇಡ್ಲಿ ಸಾಕು. ಹಾಲು, ತುಪ್ಪದ ದೋಸೆ ಬೇಡ, ಹುಣಸೂರು ತಲುಪುವ ಮೊದಲೇ ಹೊರಗೆ ಬರುತ್ತದೆ. ಮಕ್ಕಳಿಗೆ ಕಾರಿನಲ್ಲಿ ಮೊಬೈಲ್ ಕೊಡಬೇಡಿ, ಕಣ್ಣು ಪರದೆಯ ಮೇಲೆ ಸ್ಥಿರ, ಒಳಕಿವಿಗೆ ಮಾತ್ರ ಕುಲುಕಾಟ ಗೊತ್ತಾಗುತ್ತದೆ, ವಾಂತಿ ಬರುವುದೇ ಅದರಿಂದ. ಮೈಸೂರಿನಲ್ಲಿ ಮೃಗಾಲಯದ ಬದಲು ರೈಲ್ವೆ ಸ್ಟೇಷನ್ ಪಕ್ಕದ ರೈಲು ವಸ್ತುಸಂಗ್ರಹಾಲಯಕ್ಕೆ, ಅವತ್ತು ತೆರೆದಿದೆಯೇ ಎಂದು ಮೊದಲೇ ಕೇಳಿಕೊಂಡು, ಹೋಗಿ. ರೈಲು ಹಳಿಯೇ ಇಲ್ಲದ ಜಿಲ್ಲೆಯ ಮಕ್ಕಳಿಗೆ ಹಳೆಯ ಉಗಿ ಎಂಜಿನ್ ಹತ್ತಿ ಇಳಿಯುವುದು ಯಾವ ರೈಡಿಗೂ ಕಡಿಮೆಯಲ್ಲ. ಹೆಚ್ಚು ನಡಿಗೆಯಿಲ್ಲ, ಅಜ್ಜಿಗೂ ಅನುಕೂಲ. ಮೃಗಾಲಯ ಹಾಗಲ್ಲ, ಒಂದು ಸುತ್ತಿಗೆ ಕಿಲೋಮೀಟರ್‌ಗಟ್ಟಲೆ; ಮೇಲಾಗಿ ಸಾಮಾನ್ಯವಾಗಿ ಮಂಗಳವಾರ ರಜೆ.

ಊಟ ಮುಗಿಸಿ ಬೆಂಗಳೂರು ಹೆದ್ದಾರಿ ಹಿಡಿಯುವ ಮುಂಚೆ ಎಲ್ಲರಿಗೂ ಶೌಚಾಲಯ ಆಗಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆ ಊರುಗಳ ಹೊರಗಿನಿಂದ ಬಳಸಿ ಹೋಗುತ್ತದೆ. ಹೋಟೆಲು, ಅಂಗಡಿಗಳಿರುವುದು ಸರ್ವೀಸ್ ರಸ್ತೆಯಲ್ಲಿ. ಮದ್ದೂರು ವಡೆ ಬೇಕಿದ್ದರೂ ಮುಂಚಿತವಾಗಿ ಹೊರಗಿಳಿಯಬೇಕು, ತಪ್ಪಿದರೆ ಮುಂದಿನ ನಿರ್ಗಮನದವರೆಗೆ ಹಿಂದೆ ಕೂತ ಹುಡುಗ ತಡೆದುಕೊಳ್ಳಬೇಕು. ವೇಗದ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾ ಇದೆ. ನಾಲ್ಕು ಗಂಟೆಗೆಲ್ಲ ಕೋಣೆ ಸೇರಿ, ಎಂಟೂವರೆಗೆ ಮಕ್ಕಳು ಮಲಗಲಿ.

ಇನ್ನು ಪಾರ್ಕಿನ ದಿನ. ಬಟ್ಟೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ನೀರಿಗೆ ನೈಲಾನ್, ಪಾಲಿಯೆಸ್ಟರ್ ಅಥವಾ ಲೈಕ್ರಾ ಮಾತ್ರ. ಹತ್ತಿ ಬಟ್ಟೆ, ಸೀರೆ, ದುಪಟ್ಟಾ ನಡೆಯದು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಅದರ ನೂಲು ಫಿಲ್ಟರಿಗೆ ಸಿಕ್ಕುತ್ತದೆ, ಜಾರುಬಂಡೆಯಲ್ಲಿ ಮೈಯನ್ನು ಹಿಡಿದು ನಿಲ್ಲಿಸಿ ಹಿಂದಿನವನು ಬಂದು ಡಿಕ್ಕಿ ಹೊಡೆಯುವಂತೆ ಮಾಡುತ್ತದೆ. ಲೋಹದ ಜಿಪ್, ರಿವೆಟ್ ಇರುವ ಚಡ್ಡಿಯೂ ಬೇಡ, ಫೈಬರ್‌ಗ್ಲಾಸನ್ನು ಗೀಚುತ್ತದೆ. ಪಾರ್ಕಿನಲ್ಲಿ ಈಜುಡುಗೆ ಸಿಗುತ್ತದೆ, ಆದರೆ ಮಗನ ಅಳತೆಯದ್ದು ನಿಮಗೆ ಬೇಕಾದಾಗಲೇ ಮುಗಿದಿರಬಹುದು; ಮನೆಯಿಂದಲೇ ಒಯ್ಯಿರಿ. ಬಣ್ಣ ಕಿತ್ತಳೆ ಅಥವಾ ಗಾಢ ಗುಲಾಬಿ ಇರಲಿ. ನೀಲಿ, ಬಿಳಿ, ಬೂದು ಬಣ್ಣದ ಬಟ್ಟೆ ತೊಟ್ಟ ಮಗು ನೀಲಿ ತಳದ ಕೊಳದಲ್ಲಿ ಅರ್ಧ ಅಡಿ ಮುಳುಗಿದರೂ ಕಾಣಿಸುವುದಿಲ್ಲ. ಮಗನಿಗೆ ಇನ್ನೂ ಡೈಪರ್ ಬೇಕಿದ್ದರೆ ಈಜುವ ಡೈಪರ್ ತನ್ನಿ, ಸಾಮಾನ್ಯದ್ದು ಕೊಳದ ನೀರನ್ನೆಲ್ಲ ಹೀರಿ ಬಿರಿದು ಒಳಗಿನ ಜೆಲ್ ಹೊರಗೆ ಚೆಲ್ಲುತ್ತದೆ.

ಗೇಟು ತೆರೆಯುವ ಇಪ್ಪತ್ತು ನಿಮಿಷ ಮೊದಲು ಅಲ್ಲಿರಿ. ಒಳಗೆ ಹೋದವರಲ್ಲಿ ಹೆಚ್ಚಿನವರು ಎದುರಿಗೆ ಕಂಡ ಮೊದಲ ರೈಡಿಗೇ ಸಾಲು ಹಚ್ಚುತ್ತಾರೆ. ನೀವು ನೇರ ಒಳಗಿನ ಮಕ್ಕಳ ವಿಭಾಗಕ್ಕೆ ಹೋಗಿ, ಮೊದಲ ಒಂದು ತಾಸಿನಲ್ಲಿ ಆಗುವಷ್ಟು ಆಟ ಮಧ್ಯಾಹ್ನದ ಎರಡು ತಾಸಿನಲ್ಲೂ ಆಗದು. ನೀರಿನ ವಿಭಾಗ ಸ್ವಲ್ಪ ತಡವಾಗಿ ತೆರೆಯುತ್ತದೆ; ತೆರೆದ ಕೂಡಲೇ ಇಳಿಯಿರಿ. ಬೇಸಿಗೆಯಲ್ಲಾದರೆ ನೀರನ್ನು ಮಧ್ಯಾಹ್ನದ ಬಿಸಿಲಿಗೆ ಉಳಿಸಿ ಎನ್ನುತ್ತಿದ್ದೆವು. ಅಕ್ಟೋಬರ್ ಬೇರೆ. ಬೆಂಗಳೂರಿನ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಹೆಚ್ಚಿರುವ ತಿಂಗಳುಗಳು, ಅದೂ ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೆ. ಮಿಂಚು ಕಂಡರೆ ಕೊಳವನ್ನೂ ಎತ್ತರದ ರೈಡ್‌ಗಳನ್ನೂ ನಿಲ್ಲಿಸುತ್ತಾರೆ. ಎರಡೂವರೆಯೊಳಗೆ ನೀರು ಮುಗಿಸಿ, ಸೂರಿನ ಕೆಳಗಿನ ಆಟಗಳನ್ನು ಸಂಜೆಗೆ ಇಟ್ಟುಕೊಳ್ಳಿ.

ಅಲೆಯ ಕೊಳದ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಸೈರನ್ ಆದ ಮೇಲೆ ಅಲೆ ಬರುತ್ತದೆ, ಕೆಲ ನಿಮಿಷ ಇದ್ದು ನಿಲ್ಲುತ್ತದೆ. ಸೈರನ್ ಕೇಳಿದೊಡನೆ ಜನ ಆಳದ ಕಡೆ ನುಗ್ಗುತ್ತಾರೆ, ಚಿಕ್ಕ ಮಗು ಬೀಳುವುದು ಅಲೆಗಿಂತ ಹೆಚ್ಚಾಗಿ ಈ ನೂಕಿಗೆ. ಮಗನ ಮಂಡಿ ಮಟ್ಟದ ನೀರಿನಲ್ಲೇ, ಬದಿಯಲ್ಲಿ, ಅಲೆಗೆ ಮುಖ ಮಾಡಿ ನಿಲ್ಲಿ. ನೀರಿನಲ್ಲಿರುವಷ್ಟು ಹೊತ್ತು ಒಬ್ಬ ದೊಡ್ಡವರಿಗೆ ಒಂದು ಮಗು, ಕೈ ಚಾಚಿದರೆ ತಾಗುವಷ್ಟು ಹತ್ತಿರ. 'ನಾವಿಬ್ಬರೂ ನೋಡುತ್ತಿದ್ದೆವು' ಎನ್ನುವಾಗ ಇಬ್ಬರೂ ನೋಡಿರುವುದಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸುಮ್ಮನೆ ತಲೆ ಹಿಂದಕ್ಕೆ ಬಾಗಿ ಬಾಯಿ ನೀರಿನ ಮಟ್ಟಕ್ಕೆ ಬರುತ್ತದೆ. ಗಾಳಿ ತುಂಬಿದ ರಿಂಗನ್ನು ನಂಬಬೇಡಿ. ತುಟಿ ನೀಲಿಗಟ್ಟಿ ಹಲ್ಲು ಕಟಕಟ ಎಂದರೆ, ಮಗ ಇನ್ನೂ ಬೇಕೆಂದರೂ ಎತ್ತಿಕೊಂಡು ಬನ್ನಿ. ಚಿಕ್ಕ ಮೈ ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ಮಡಿಕೇರಿ ಚಳಿಗೆ ಒಗ್ಗಿದ ಮಕ್ಕಳು ಎಂಬ ಧೈರ್ಯ ಒದ್ದೆ ಮೈಗೆ ಅನ್ವಯಿಸದು.

ನಮ್ಮ ಗುಡ್ಡದ ಮಕ್ಕಳಿಗೆ ಬಯಲುಸೀಮೆಯ ಬಿಸಿಲು ಮಾತ್ರ ಹೊಸದು. ಓಆರ್‌ಎಸ್ ಎರಡು ಪೊಟ್ಟಣ ಒಯ್ಯಿರಿ, ದೊಡ್ಡ ಪೊಟ್ಟಣ ಒಂದಕ್ಕೆ ಒಂದು ಲೀಟರ್ ನೀರು. ಅದನ್ನೇ ಮಗುವಿನ ಪುಟ್ಟ ಬಾಟಲಿಗೆ ಸುರಿದರೆ ಉಪ್ಪು ಅತಿಯಾಗಿ ಹಾನಿಯಾಗುತ್ತದೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಹನ್ನೆರಡಕ್ಕೇ ಊಟಕ್ಕೆ ಕೂತುಬಿಡಿ, ಒಂದು ಗಂಟೆ ದಾಟಿದರೆ ತಟ್ಟೆ ಹಿಡಿದು ನಿಲ್ಲಬೇಕಾಗುತ್ತದೆ. ಉಂಡ ಮುಕ್ಕಾಲು ಗಂಟೆಯವರೆಗೆ ಗಿರಗಿರ ತಿರುಗುವ ಆಟ ಬೇಡ.

ಅಜ್ಜಿಯನ್ನು ಚೀಲ ಕಾಯುವವರನ್ನಾಗಿ ಮಾಡಬೇಡಿ. ಚೀಲ ಲಾಕರಿಗೆ ಹೋಗಲಿ. ಮಕ್ಕಳ ವಿಭಾಗದ ಹತ್ತಿರ ನೆರಳಿರುವ ಒಂದು ಬೆಂಚನ್ನು ಬೆಳಿಗ್ಗೆಯೇ ಗೊತ್ತು ಮಾಡಿ, ತಪ್ಪಿಸಿಕೊಂಡವರೆಲ್ಲ ಅಲ್ಲಿಗೇ ಬರಬೇಕು. ಅಜ್ಜಿಗೆ ಹಿಡಿತವಿರುವ ರಬ್ಬರ್ ಚಪ್ಪಲಿ. ಒದ್ದೆ ನೆಲದಲ್ಲಿ ಜಾರಿದರೆ ಮಂಡಿಯ ಜೊತೆ ಸೊಂಟವೂ ಹೋಗುತ್ತದೆ. ಮಕ್ಕಳ ಮುಂಗೈ ಒಳಭಾಗದಲ್ಲಿ ಅಳಿಸದ ಮಾರ್ಕರಿನಿಂದ ನಿಮ್ಮ ಮೊಬೈಲ್ ನಂಬರ್ ಬರೆಯಿರಿ, ಸನ್‌ಸ್ಕ್ರೀನ್ ಹಚ್ಚುವ ಮೊದಲು, ಆಮೇಲೆ ಬರೆದರೆ ಶಾಯಿ ಕೂರುವುದಿಲ್ಲ. ಅವತ್ತಿನ ಬಟ್ಟೆಯಲ್ಲಿ ಇಬ್ಬರ ಒಂದು ಫೋಟೊ ತೆಗೆದಿಡಿ.

ಮೂರನೇ ದಿನ ನಿಧಾನವಾಗಿ ಎದ್ದು ಹತ್ತಕ್ಕೆ ಹೊರಟರೂ ಬೆಳಕಿದ್ದಾಗಲೇ ಆನೆಚೌಕೂರು ದಾಟುತ್ತೀರಿ.

ಹಾಂಗ್‌ಕಾಂಗ್ ವಿಚಾರ. ಮುಂದಿನ ವರ್ಷ ಸರಿಯಾದ ವಯಸ್ಸೇ, ಈ ವರ್ಷವಲ್ಲ. ಅಲ್ಲಿಯೂ ಎತ್ತರದ್ದೇ ಲೆಕ್ಕ: 2023ರ ನವೆಂಬರ್‌ನಲ್ಲಿ ತೆರೆದ ಫ್ರೋಜನ್ ವಿಭಾಗದ ಜಾರುಬಂಡಿ ರೋಲರ್ ಕೋಸ್ಟರಿಗೆ 95 ಸೆಂ.ಮೀ., ಐರನ್ ಮ್ಯಾನ್ ಮತ್ತು ಹೈಪರ್‌ಸ್ಪೇಸ್ ಮೌಂಟನ್‌ಗೆ 102, ಬಿಗ್ ಗ್ರಿಜ್ಲಿ ಗಣಿ ರೈಲಿಗೆ 112. ನಾಲ್ಕೂವರೆಗೆ ಮಗ 102 ದಾಟಿರುವ ಸಂಭವ ಹೆಚ್ಚು, ಮಗಳಿಗೆ ಇವೆಲ್ಲವೂ ಸಿಗುತ್ತವೆ. ಅಲ್ಲಿ ಮಕ್ಕಳ ಟಿಕೆಟ್ 3ರಿಂದ 11 ವರ್ಷಕ್ಕೆ. ಒಬ್ಬರು ಮಗುವಿನೊಂದಿಗೆ ಹೊರಗೆ ನಿಂತು, ಮತ್ತೊಬ್ಬರು ಇಳಿದ ಮೇಲೆ ಮರಳಿ ಸಾಲು ನಿಲ್ಲದೆ ಹತ್ತುವ ರೈಡರ್ ಸ್ವಿಚ್ ವ್ಯವಸ್ಥೆಯಿದೆ, ಸಾಲಿನ ಬಾಯಲ್ಲಿ ಸಿಬ್ಬಂದಿಯನ್ನು ಕೇಳಬೇಕು. ಪಾರ್ಕಿಗೆ ಎರಡು ದಿನ, ನಡುವೆ ಒಂದು ದಿನ ಖಾಲಿ. ಹಾಂಗ್‌ಕಾಂಗ್ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ ರಾತ್ರಿ ಒಂಬತ್ತು ಮಕ್ಕಳ ಮೈಗೆ ಸಂಜೆ ಆರೂವರೆ, ಹೀಗಾಗಿ ಕೊನೆಯ ಬಾಣಬಿರುಸಿನವರೆಗೂ ಎಚ್ಚರವಿರುತ್ತಾರೆ. ಬೆಳಿಗ್ಗೆ ಮಾತ್ರ ಬೇಗ ಎಬ್ಬಿಸಲು ಹೋಗಬೇಡಿ. ಬೇಸಿಗೆ ರಜೆಯ ಕೊನೆಗೆ ಅಲ್ಲಿ ಮಳೆಗಾಲ ಶುರುವಾಗಿರುತ್ತದೆ, ಆಮೇಲೆ ಚಂಡಮಾರುತದ ತಿಂಗಳುಗಳು. ಅಕ್ಟೋಬರ್ ಕೊನೆಯಿಂದ ಕೊಯ್ಲಿನ ಮುಂಚಿನವರೆಗಿನ ಸಂದು ನಿಮಗೆ ಹೊಂದುತ್ತದೆ.

ಭಾರತೀಯರಿಗೆ 14 ದಿನದವರೆಗೆ ವೀಸಾ ಬೇಡ, ಆದರೆ ಹೊರಡುವ ಮುಂಚೆ ಹಾಂಗ್‌ಕಾಂಗ್ ವಲಸೆ ಇಲಾಖೆಯ ಜಾಲತಾಣದಲ್ಲಿ ಪ್ರತಿಯೊಬ್ಬರ ಹೆಸರಿನಲ್ಲೂ, ಮಗನದ್ದೂ ಸೇರಿಸಿ, ನೋಂದಣಿ ಆಗಬೇಕು. ಸಿಗುವ ಚೀಟಿಯನ್ನು ಬಿಳಿ ಎ4 ಹಾಳೆಯಲ್ಲಿ ಮುದ್ರಿಸಿ ಜೊತೆಗಿಡಿ, ಅದು ಆರು ತಿಂಗಳಿಗೆ ಮಾತ್ರ. ತುಂಬುವಾಗ ಹೆಸರು, ಜನ್ಮದಿನಾಂಕ ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರಶಃ ಇರಬೇಕು. ಕೊಡಗಿನಲ್ಲಿ ಮನೆತನದ ಹೆಸರು ಒಂದು ದಾಖಲೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ ಬರುವುದುಂಟು, ಅದನ್ನು ಈಗಲೇ ನೋಡಿಕೊಳ್ಳಿ. ಚಿಕ್ಕ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ಮಗಳದ್ದು ಎರಡು ವರ್ಷದವಳಿದ್ದಾಗ ಮಾಡಿಸಿದ್ದರೆ ಈಗಾಗಲೇ ಮುಗಿದಿರಬಹುದು.