ಎಂಟೂವರೆ ಡ್ರಿಲ್ ಯಾಕೆ?

ಪ್ರಶ್ನೆ: ಸಾರ್, ಹದಿನಾರು ವರ್ಷದಿಂದ ಲೇತ್ ಕೆಲಸ ಮಾಡ್ತಿದೀನಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದು ಹೆಲ್ಪರ್ ಆಗಿ ಸೇರಿದವನು, ಕಲಿಸಿದ್ದೆಲ್ಲ ಮೇಸ್ತ್ರಿ. ಈಗ ಸಿಎನ್‌ಸಿ ಮೆಷಿನ್ ಬಂದಿದೆ, ಕಂಪ್ಯೂಟರ್ ಪ್ರೋಗ್ರಾಮಿನಿಂದ ನಡೆಯೋದು. ನನ್ನ ಪಕ್ಕದಲ್ಲಿ ನಿಂತು ಕಲಿತ ಐಟಿಐ ಹುಡುಗನಿಗೆ ಅದನ್ನು ಕೊಟ್ಟರು. ನನ್ನ ಹತ್ತಿರ ಸರ್ಟಿಫಿಕೇಟ್ ಇಲ್ಲವಂತೆ. ಈ ವಯಸ್ಸಲ್ಲಿ ಮತ್ತೆ ಕ್ಲಾಸಿಗೆ ಹೋಗಬೇಕಾ?
– ಹೆಸರು ಬೇಡ, ಪೀಣ್ಯ 2ನೇ ಹಂತ

ಉತ್ತರ: ಹೋಗಿ. ಆದರೆ ಏನೂ ಬಾರದವನ ಹಾಗೆ ಹೋಗಬೇಡಿ.

ಎಂ10 ಟ್ಯಾಪ್ ಹಾಕಲು, ಅಂದರೆ 10 ಮಿ.ಮೀ. ಬೋಲ್ಟಿಗೆ ತೂತಿನೊಳಗೆ ಥ್ರೆಡ್ ಕೊರೆಯಲು, ಯಾವ ಡ್ರಿಲ್ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಎಂಟೂವರೆ ಅಂತೀರಿ. ಯಾಕೆ ಅಂದರೆ, ‘ಮೇಸ್ತ್ರಿ ಹೇಳಿದ್ದು’. ಹತ್ತರಲ್ಲಿ ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ) 1.5 ಕಳೆಯಿರಿ, 8.5 ಉಳಿಯಿತು. ಕ್ಲಾಸಿನಲ್ಲಿ ನಿಮಗೆ ಸಿಗುವುದು ಇಂಥದ್ದು. ನಾಳೆ ಯಾರೂ ಹೇಳಿಕೊಡದ ಸೈಜ್ ಬಂದರೂ ಲೆಕ್ಕ ಹಾಕುತ್ತೀರಿ.

ಐಟಿಐಯಲ್ಲಿ ಟರ್ನರ್ ಟ್ರೇಡ್, ಅಂದರೆ ಲೇತ್ ಕೆಲಸದ ಪಾಠ ಮಾಡಿಯೇ ರಿಟೈರ್ ಆದವನು ನಾನು. 50 ಮಿ.ಮೀ. ವ್ಯಾಸದ ಮೈಲ್ಡ್ ಸ್ಟೀಲ್, ನಿಮಿಷಕ್ಕೆ 30 ಮೀಟರ್ ಕಟಿಂಗ್ ಸ್ಪೀಡ್, ಅಂದರೆ ನಿಮಿಷಕ್ಕೆ ಸುಮಾರು 190 ಸುತ್ತು ಅಂತ ಬೋರ್ಡಿನ ಮೇಲೆ ಚೆನ್ನಾಗಿ ಬರೆಯುತ್ತಿದ್ದೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಇದ್ದಾಗ ಚಿಪ್, ಅಂದರೆ ಕತ್ತರಿಸಿ ಬರುವ ಲೋಹದ ಚೂರು, ನೀಲಿಯಾದರೆ ಟೂಲ್ ಸುಡುತ್ತಿದೆ ಅಂತ ನನಗೆ ಹೇಳಿಕೊಟ್ಟವನು ಒಬ್ಬ ಹೆಲ್ಪರ್, ಅದೂ ನಾನು ಎರಡು ಟೂಲ್ ಸುಟ್ಟ ಮೇಲೆ! ನಾಚಿಕೆಯಾಯಿತು, ಆದರೆ ಮರೆಯಲಿಲ್ಲ.

ಸರ್ಟಿಫಿಕೇಟ್ ವಿಷಯ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಅಂತ ಒಂದು ದಾರಿ ಇತ್ತು: ಕೆಲಸ ಮಾಡುತ್ತಲೇ ಕಲಿತವರಿಗೆ ಚಿಕ್ಕ ತರಬೇತಿ, ಆಮೇಲೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟ್. ಈಗ ಯಾವ ಕೇಂದ್ರದಲ್ಲಿ ನಡೆಯುತ್ತಿದೆ ವಿಚಾರಿಸಿ. ಆದರೆ ಎರಡು ವರ್ಷದ ಐಟಿಐ ಟರ್ನರ್ ಕೋರ್ಸಿಗೆ ಅದು ಬದಲಿಯಲ್ಲ. ಯಾರಾದರೂ ಹಾಗಂದರೆ ನಂಬಬೇಡಿ.

ನಿಮ್ಮನ್ನು ನಿಜವಾಗಿ ಹಿಡಿದಿಟ್ಟಿರುವುದು ಡ್ರಾಯಿಂಗ್, ಅಂದರೆ ಪೀಸಿನ ಅಳತೆ ನಕ್ಷೆ ಓದುವುದು ಅಂತ ನನ್ನ ಗುಮಾನಿ. ಮಾದರಿ ಪೀಸ್ ಕೊಟ್ಟರೆ ಮಾಡ್ತೀರಿ, ಹಾಳೆ ಕೊಟ್ಟರೆ ಹುಡುಗನನ್ನು ಕರೀತೀರಿ, ಅಲ್ವಾ? ಮೊದಲು ಅದನ್ನು ಕಲಿಯಿರಿ. ರಾಜಾಜಿನಗರದಲ್ಲಿ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇದೆ, 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು. ಪೀಣ್ಯದಿಂದ ಹಸಿರು ಮೆಟ್ರೊ ಹತ್ತಿದರೆ ರಾಜಾಜಿನಗರ ದೂರವೇನಲ್ಲ. ಸಿಎನ್‌ಸಿಗೆ ಅಲ್ಲಿ ಅಲ್ಪಾವಧಿ ಕೋರ್ಸ್ ಯಾವುದಿದೆ, ಎಷ್ಟು ಓದಿರಬೇಕು ಅಂತ ನೀವೇ ಹೋಗಿ ಕೇಳಿ.

ಅಲ್ಲಿಯವರೆಗೆ ಓನರ್ ಹತ್ತಿರ ಮಾತಾಡಿ, ಶಿಫ್ಟ್ ಮುಗಿದ ಮೇಲೆ ಒಂದು ಗಂಟೆ ಆ ಹುಡುಗನ ಜೊತೆ ಸಿಎನ್‌ಸಿ ಮುಂದೆ ನಿಲ್ಲಿ. ಅದರ ಪ್ರೋಗ್ರಾಮಿನಲ್ಲಿ ಜಿ00 ಅಂದರೆ ಟೂಲ್ ಕತ್ತರಿಸದೆ ಗಾಳಿಯಲ್ಲಿ ಓಡುವುದು, ಜಿ01 ಅಂದರೆ ಫೀಡ್ ಕೊಟ್ಟು ನೇರ ಕತ್ತರಿಸುವುದು. ನಿಮ್ಮ ಕೈ ಹ್ಯಾಂಡಲ್ ತಿರುಗಿಸಿ ಹದಿನಾರು ವರ್ಷ ಮಾಡಿದ್ದೂ ಇದನ್ನೇ. ಅದಕ್ಕೆ ಪ್ರತಿಯಾಗಿ ಅವನಿಗೆ ಟೂಲ್ ಗ್ರೈಂಡ್ ಮಾಡುವುದು, ಅಂದರೆ ಉಜ್ಜಿ ಹರಿತ ಮಾಡುವುದು, ಹೇಳಿಕೊಡಿ. ಈಗಿನ ಹುಡುಗರು ಇನ್ಸರ್ಟ್ (ಟೂಲಿನ ರೆಡಿ ಕತ್ತರಿಸುವ ತುದಿ) ಬದಲಾಯಿಸಿ ಸುಮ್ಮನಾಗುತ್ತಾರೆ.